ತೋಟದ ಕೆಲಸದ ನಡುವೆ ಟ್ರಯಥ್ಲಾನ್: ನಾನು ತಯಾರಾಗುವ ರೀತಿ

ಟ್ರಯಥ್ಲಾನ್‌ನಲ್ಲಿ ಈಜು, ಸೈಕಲ್, ಓಟ ಮೂರೂ ಒಂದರ ಬೆನ್ನಿಗೆ ಒಂದು ಬರುತ್ತವೆ. ನಡುವೆ ಗಡಿಯಾರ ನಿಲ್ಲುವುದಿಲ್ಲ. ಮೈ ಒರೆಸಿಕೊಂಡು ಶೂ ಹಾಕಿಕೊಳ್ಳುವ ಹೊತ್ತೂ ನಿಮ್ಮ ಸಮಯಕ್ಕೇ ಸೇರುತ್ತದೆ. ನಾನು ಭಾಗವಹಿಸುವುದು ಎರಡು ದೂರಗಳಲ್ಲಿ. ಚಿಕ್ಕದಕ್ಕೆ ಸ್ಪ್ರಿಂಟ್ ಅನ್ನುತ್ತಾರೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸರಿಯಾಗಿ ಅದರ ಎರಡರಷ್ಟು ಒಲಿಂಪಿಕ್ ದೂರ. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಸಲ ಬಂದಾಗ ಇದ್ದದ್ದೂ ಇದೇ 1500 ಮೀಟರ್, 40 ಕಿಲೋಮೀಟರ್, 10 ಕಿಲೋಮೀಟರ್.

ನಾನಿರುವುದು ಸುಂಟಿಕೊಪ್ಪದ ಹತ್ತಿರ. ನಮ್ಮದು ಸಣ್ಣ ಕಾಫಿ ತೋಟ. ಹೆಚ್ಚಿನದು ರೋಬಸ್ಟಾ, ಮರಗಳಿಗೆ ಕರಿಮೆಣಸಿನ ಬಳ್ಳಿ. ವಯಸ್ಸು ನಲವತ್ತು ದಾಟಿದೆ. ಶಾಲೆಯಲ್ಲಿ ಹಾಕಿ ಆಡಿದ್ದೆ, ಕೊಡಗಿನಲ್ಲಿ ಅದೇನೂ ದೊಡ್ಡ ವಿಷಯ ಅಲ್ಲ. ಮದುವೆ, ಮಗಳು, ತೋಟ ಅಂತ ಬಹಳ ವರ್ಷ ಆಟವೇ ಇರಲಿಲ್ಲ. ಮತ್ತೆ ಓಡಲು ಶುರು ಮಾಡಿದೆ. ಮಂಡಿ ನೋವು ಬಂದಾಗ ಸೈಕಲ್ ತುಳಿದೆ. ಎರಡು ಬಂದ ಮೇಲೆ ಮೂರನೆಯದೂ ಇರಲಿ ಅನ್ನಿಸಿತು.

ಮೊಬೈಲ್‌ನಲ್ಲಿ ಹುಡುಕಿದರೆ 12 ವಾರದ, 16 ವಾರದ ತರಬೇತಿ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಬರೆದವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಪೇಟೆಯವರನ್ನು. ವರ್ಷವಿಡೀ ಈಜುಕೊಳ ಸಿಗುತ್ತದೆ, ರಸ್ತೆ ಒಣಗಿರುತ್ತದೆ, ಸಂಜೆ ಆರಕ್ಕೆ ಕೆಲಸ ಮುಗಿಯುತ್ತದೆ ಅಂತ ಲೆಕ್ಕ. ನಮ್ಮಲ್ಲಿ ಈ ಮೂರೂ ಇಲ್ಲ. ಜೂನ್‌ನಿಂದ ಆಗಸ್ಟ್ ತನಕ ಮಳೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಅದು ಮುಗಿಯುವ ಮುಂಚೆಯೇ ಹೂವಿಗೆ ನೀರು ಕೊಡುವ ಕೆಲಸ, ಅದರ ಬೆನ್ನಿಗೆ ಮೆಣಸು. ಹಾಗಾಗಿ ಪಟ್ಟಿ ಬಿಟ್ಟು ತೋಟದ ವರ್ಷವನ್ನೇ ಹಿಡಿದುಕೊಂಡೆ. ಯಾವ ತಿಂಗಳಲ್ಲಿ ಏನು ಸಿಗುತ್ತದೋ ಆ ತಿಂಗಳು ಅದನ್ನು ಚೆನ್ನಾಗಿ ಮಾಡುವುದು. ಸಿಗದ್ದಕ್ಕೆ ಕೊರಗುವುದಿಲ್ಲ. ನಾನು ಇಷ್ಟು ವರ್ಷ ಈ ಆಟದಲ್ಲಿ ಉಳಿದಿರುವುದು ಇದರಿಂದಲೇ ಅಂತ ನನಗೆ ಖಾತ್ರಿ ಇದೆ.

ಮೊದಲು ನೀರಿನ ವಿಷಯ ಹೇಳುತ್ತೇನೆ. ಅದೇ ಎಲ್ಲಕ್ಕಿಂತ ಕಷ್ಟದ್ದು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಈಜಲು ಜಾಗ ಇಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಹಾರಂಗಿ ಹಿನ್ನೀರೂ ಚಿಕ್ಲಿಹೊಳೆ ಜಲಾಶಯವೂ ನಮಗೆ ದೂರವಲ್ಲ. ಆದರೆ ಅಲ್ಲಿ ನಾನು ಇಳಿಯುವುದಿಲ್ಲ. ದಡ ಒಮ್ಮೆಲೇ ಆಳಕ್ಕೆ ಹೋಗುತ್ತದೆ, ತಳದಲ್ಲಿ ಏನಿದೆ ಅಂತ ಮೇಲಿಂದ ಕಾಣುವುದಿಲ್ಲ, ಕೂಗಿದರೆ ಕೇಳುವವರಿಲ್ಲ. ಹೊಳೆ ಇನ್ನೂ ಅಪಾಯ. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ಬಂಡೆಗಳ ನಡುವೆ ಸುಳಿ ಇರುತ್ತದೆ. ಈಜು ಬಂದವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ.

ನನಗಿರುವುದು ತೋಟದ ಕೆರೆ. ಸ್ಪ್ರಿಂಕ್ಲರ್‌ಗೆ ನೀರು ಬೇಕಲ್ಲ, ಅದಕ್ಕೆ ತೋಡಿಸಿದ್ದು. ಉದ್ದಕ್ಕೆ ಹಗ್ಗ ಹಿಡಿದು ಅಳೆದೆವು, 45 ಮೀಟರ್ ಬಂತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನೈಲಾನ್ ಹಗ್ಗ ಕಟ್ಟಿ ನಡುವೆ ಖಾಲಿ ಕ್ಯಾನ್‌ಗಳನ್ನು ತೇಲಿಬಿಟ್ಟಿದ್ದೇವೆ. ಸುಸ್ತಾದರೆ ಹಿಡಿದುಕೊಳ್ಳಲು ಅದು ಬೇಕೇ ಬೇಕು. ಇಂಥ ಕೆರೆಯಲ್ಲಿ ಈಜುವ ಯೋಚನೆ ಇರುವವರಿಗೆ ಒಂದು ಮಾತು. ಪಂಪ್ ಓಡುತ್ತಿರುವಾಗ ನೀರಿಗೆ ಇಳಿಯಲೇಬೇಡಿ. ಪಂಪ್ ನೀರೆಳೆಯುವ ಫುಟ್‌ವಾಲ್ವ್ ಇರುವ ಮೂಲೆಯ ಹತ್ತಿರಕ್ಕೆ ಪಂಪ್ ನಿಂತಿರುವಾಗಲೂ ಹೋಗಬೇಡಿ. ನಾನು ಇಳಿಯುವ ಮೊದಲು ಸ್ವಿಚ್‌ಬೋರ್ಡಿನ ಫ್ಯೂಸ್ ತೆಗೆದು ದಡದಲ್ಲಿ ನಿಂತವರ ಕೈಗೆ ಕೊಡುತ್ತೇನೆ. ದಡದಲ್ಲಿ ಈಜು ಬರುವ ಒಬ್ಬರು ಇರಲೇಬೇಕು. ಜೊತೆಗೆ ಗಾಳಿ ತುಂಬಿದ ಟ್ಯೂಬ್ ಮತ್ತು ಉದ್ದ ಹಗ್ಗ. ಕೆರೆಯ ಅಂಚು ಜೇಡಿಮಣ್ಣು, ಜಾರುತ್ತದೆ. ಹತ್ತಿ ಬರಲು ಒಂದು ಕಡೆ ಕಲ್ಲಿನ ಮೆಟ್ಟಿಲು ಹಾಕಿಸಿದೆವು.

ಈಜು ಕಲಿಸಿದ್ದು ಪಕ್ಕದ ತೋಟದ ಸುಬೇದಾರ್ ಮಾವ. ಸೈನ್ಯದಿಂದ ಬಂದು ತೋಟ ನೋಡಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ನಾನು ತೇಲಲು ಕಲಿತಿದ್ದೆ, ತಲೆ ಮೇಲೆತ್ತಿ ಕೈ ಬಡಿಯುವುದು ಗೊತ್ತಿತ್ತು. 750 ಮೀಟರ್‌ಗೆ ಅದು ಸಾಲುವುದಿಲ್ಲ. ಮಾವ ಮೊದಲ ದಿನವೇ ಕಾರಣ ಹೇಳಿದರು: "ಅವಸರ ಮಾಡ್ಬೇಡಮ್ಮ. ತಲೆ ಎತ್ತಿದ್ರೆ ಸೊಂಟ ಮುಳುಗ್ತದೆ. ಸೊಂಟ ಮುಳುಗಿದ್ರೆ ನೀನು ನೀರನ್ನ ತಳ್ಳಿಕೊಂಡು ಹೋಗ್ಬೇಕಾಗ್ತದೆ." ಹಾಗಾಗಿ ಬಹಳ ದಿನ ಈಜೇ ಇಲ್ಲ, ಬರೀ ಉಸಿರು. ಮುಖ ನೀರಿನಲ್ಲಿಟ್ಟು ಮೂಗು ಬಾಯಿಯಿಂದ ಉಸಿರು ಪೂರ್ತಿ ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು. ಉಸಿರು ಸಿಗುತ್ತಿಲ್ಲ ಅಂತ ನಮಗೆ ಅನ್ನಿಸುವುದು ಹೆಚ್ಚಿನ ಸಲ ಒಳಗಿನ ಗಾಳಿ ಹೊರಗೆ ಹೋಗದ್ದರಿಂದ. ಅದು ತಿಳಿದ ಮೇಲೆ ಗಾಬರಿ ಹೋಯಿತು. ಗಾಬರಿ ಹೋದ ಮೇಲೆ ದೂರ ತಾನಾಗಿ ಬಂತು. ಎಡಕ್ಕೂ ಬಲಕ್ಕೂ ಉಸಿರೆಳೆಯಲು ಅವರು ಆಗಲೇ ಅಭ್ಯಾಸ ಮಾಡಿಸಿದ್ದು ಮುಂದೆ ಸಮುದ್ರದಲ್ಲಿ ಬಹಳ ಉಪಯೋಗಕ್ಕೆ ಬಂತು.

ಬಟ್ಟೆಯ ಬಗ್ಗೆ ಹೆಂಗಸರು ನನ್ನನ್ನು ಮೆಲ್ಲಗೆ ಕೇಳುತ್ತಾರೆ. ನಾನು ಕೆರೆಯಲ್ಲಿ ಹಾಕುವುದು ಮಂಡಿ ತನಕ, ಮೊಣಕೈ ತನಕ ಬರುವ ಈಜುಡುಗೆ. ಸ್ಪರ್ಧೆಗೆ ಟ್ರೈಸೂಟ್. ಅದು ಒಂದೇ ಉಡುಪು, ನೀರಿಗೂ ಸೈಕಲ್‌ಗೂ ಓಟಕ್ಕೂ ಆಗುತ್ತದೆ, ನಡುವೆ ಬದಲಿಸಬೇಕಿಲ್ಲ. ಬೇಕಾದವರು ಅದರ ಮೇಲೆ ಟೀ ಶರ್ಟ್ ಹಾಕಿಕೊಂಡು ಓಡಬಹುದು. ಯಾರೂ ಏನೂ ಅನ್ನುವುದಿಲ್ಲ. ಕೆರೆಗೆ ನಾನು ಇಳಿಯುವುದು ಬೆಳಗ್ಗೆ ಆರೂವರೆಗೆ, ಕೆಲಸದವರು ಬರುವ ಮೊದಲು. ಮೊದಮೊದಲು ಲೈನ್ ಮನೆಯ, ಅಂದರೆ ಕೆಲಸದವರ ಸಾಲುಮನೆಯ ಮಕ್ಕಳು ದಡದಲ್ಲಿ ಸಾಲಾಗಿ ಕೂರುತ್ತಿದ್ದರು. ಈಗ ಅವರಲ್ಲಿ ಇಬ್ಬರಿಗೆ ಸುಬೇದಾರ್ ಮಾವನೇ ಈಜು ಕಲಿಸುತ್ತಿದ್ದಾರೆ. ಕೆರೆ ಇರುವ ತೋಟದಲ್ಲಿ ಮಕ್ಕಳಿಗೆ ಈಜು ಬರಲೇಬೇಕು ಅನ್ನುವುದು ಅವರ ಮಾತು. ನನ್ನದೂ ಅದೇ.

ಈ ಕೆರೆ ವರ್ಷವಿಡೀ ಸಿಗುವುದಿಲ್ಲ. ಮಳೆಗಾಲದಲ್ಲಿ ಕೆಂಪು ನೀರು, ಒಳಗೆ ಕೈ ಕಾಣುವುದಿಲ್ಲ. ಸೆಪ್ಟೆಂಬರ್ ಕೊನೆಗೆ ತಿಳಿಯಾಗುತ್ತದೆ. ಅಕ್ಟೋಬರ್, ನವೆಂಬರ್ ಬಹಳ ಚೆನ್ನ. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಶುರು ಮಾಡಿದರೆ ದಿನದಿನಕ್ಕೂ ನೀರು ಇಳಿಯುತ್ತದೆ. ರೋಬಸ್ಟಾಕ್ಕೆ ಆ ಹೊತ್ತಿನಲ್ಲಿ ಹೂಮಳೆ ಬರದಿದ್ದರೆ ನಾವೇ ನೀರು ಕೊಡಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಫಸಲಿಲ್ಲ. ಆಗ ಕೆರೆ ತೋಟದ್ದು, ನನ್ನದಲ್ಲ. ಮಾರ್ಚ್‌ನಲ್ಲಿ ಕೆಸರು ಕಾಣುತ್ತದೆ. ಮೈಸೂರಿಗೆ ಕೆಲಸದ ಮೇಲೆ ಹೋದಾಗ ಅಲ್ಲಿನ ಈಜುಕೊಳದಲ್ಲಿ ಒಂದು ಗಂಟೆ ಈಜಿ ಬರುತ್ತೇನೆ. ಉಳಿದಂತೆ ಮಳೆ ಮುಗಿಯುವ ತನಕ ರಬ್ಬರ್ ಹಗ್ಗವನ್ನು ಕಂಬಕ್ಕೆ ಕಟ್ಟಿ ಕೈ ಎಳೆಯುವ ವ್ಯಾಯಾಮ ಮಾತ್ರ. ಭುಜದ ಶಕ್ತಿ ಉಳಿಯುತ್ತದೆ. ನೀರಿನ ಹಿಡಿತ ಸ್ವಲ್ಪ ಹೋಗುತ್ತದೆ, ಅಕ್ಟೋಬರ್‌ನಲ್ಲಿ ಎರಡು ಮೂರು ವಾರದಲ್ಲಿ ವಾಪಸ್ ಬರುತ್ತದೆ.

ಸೈಕಲ್ ನಮಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೆಟ್ಟದವರಿಗೆ ಉಸಿರು ಜಾಸ್ತಿ ಅನ್ನುವ ಮಾತೂ ಇದೆ. ಆದರೆ ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಗಾಳಿ ತೆಳುವಾಗಿ ರಕ್ತದಲ್ಲಿ ಬದಲಾವಣೆ ಆಗಬೇಕಾದರೆ ಸಾಮಾನ್ಯವಾಗಿ 2,000 ಮೀಟರ್‌ಗಿಂತ ಮೇಲಿರಬೇಕು. ನಮ್ಮ ಲಾಭ ಬರುವುದು ಏರಿನಿಂದ. ಮನೆಯಿಂದ ಎಲ್ಲಿಗೆ ಹೊರಟರೂ ಏರು, ಬಿಟ್ಟರೆ ಇಳಿಜಾರು. ತೊಡೆ ಗಟ್ಟಿಯಾಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡುವ ಅಭ್ಯಾಸವೂ ಆಗಿಬಿಡುತ್ತದೆ. ಟ್ರಯಥ್ಲಾನ್‌ಗಳು ಹೆಚ್ಚಾಗಿ ನಡೆಯುವುದು ಬಯಲಿನಲ್ಲಿ. ಅಲ್ಲಿ 20 ಕಿಲೋಮೀಟರ್ ಅಂದರೆ 20 ಕಿಲೋಮೀಟರ್ ತುಳಿಯಲೇಬೇಕು. ಒಂದು ನಿಮಿಷವೂ ಬಿಡುವಿಲ್ಲ. ಮಡಿಕೇರಿ ಏರನ್ನು ಹತ್ತುವ ನನಗಿಂತ ಮಂಡ್ಯದ ಕಡೆಯಿಂದ ಬರುವವರು ಬಯಲಿನಲ್ಲಿ ಬಹಳ ಮುಂದೆ ಹೋಗುತ್ತಾರೆ.

ಅದಕ್ಕೆ ನಾನು ಕಂಡುಕೊಂಡ ದಾರಿ ಕುಶಾಲನಗರದ ಆಚೆ ಇದೆ. ಕೂಡಿಗೆ ದಾಟಿ ಹೆಬ್ಬಾಲೆ, ಶಿರಂಗಾಲದ ಕಡೆ ಹೋಗುವ ರಸ್ತೆ ಕಾವೇರಿಯ ಪಕ್ಕದ ಬಯಲು. ಗದ್ದೆ, ಜೋಳ, ಶುಂಠಿ. ಕೊಡಗಿನಲ್ಲಿ ಇಷ್ಟು ಸಮತಟ್ಟು ಜಾಗ ಬೇರೆ ಕಡೆ ಸಿಗುವುದು ಕಡಿಮೆ. ಸೈಕಲ್ಲನ್ನು ಜೀಪಿನ ಹಿಂದೆ ಹಾಕಿಕೊಂಡು ಹೋಗಿ ಅಲ್ಲಿ ಒಂದೇ ಸಮನೆ ತುಳಿಯುತ್ತೇನೆ. ಪೆಡಲ್ ನಿಮಿಷಕ್ಕೆ 85ರಿಂದ 90 ಸುತ್ತು. ಗೇರ್ ಹಗುರ, ಕಾಲು ಚುರುಕು. ಭಾರದ ಗೇರ್ ಹಾಕಿ ನಿಧಾನ ಒತ್ತುವುದು ಬೆಟ್ಟದವರ ಅಭ್ಯಾಸ. ಅದು ತೊಡೆಯನ್ನು ಸುಡುತ್ತದೆ, ಆಮೇಲೆ ಓಡಲು ಕಾಲು ಇರುವುದಿಲ್ಲ.

ಮನೆಯ ಹತ್ತಿರದ ರಸ್ತೆಗಳಲ್ಲಿ ಬೇರೆಯದೇ ಚಿಂತೆ. ಸುಂಟಿಕೊಪ್ಪ ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ, ಹೆದ್ದಾರಿಯ ಮೇಲೆಯೇ ಇದೆ. ಶನಿವಾರ ಬೆಳಗ್ಗೆ ಬೆಂಗಳೂರಿನ ಕಾರುಗಳು ಸಾಲು ಹಿಡಿಯುತ್ತವೆ. ರಾತ್ರಿಯಿಡೀ ಓಡಿಸಿಕೊಂಡು ಬಂದವರಿಗೆ ತಿರುವಿನಲ್ಲಿ ಸೈಕಲ್ ಕಾಣುವುದಿಲ್ಲ. ಅವರು ಬರುವ ಮೊದಲು ಹೋಗೋಣ ಅಂದರೆ ಆನೆ. ಕುಶಾಲನಗರದ ಕಡೆಗೆ ಆನೆಕಾಡು ದಾಟಬೇಕು. ಹೆಸರು ಸುಮ್ನೆ ಬಂದದ್ದಲ್ಲ. ಕತ್ತಲೆ ಹರಿಯುವ ಹೊತ್ತಿನಲ್ಲಿ ಅಲ್ಲಿ ಆನೆ ರಸ್ತೆ ದಾಟುತ್ತದೆ. ಕಾರಿನೊಳಗೆ ಇರುವವರಿಗೇ ಅದು ಅಪಾಯ, ಸೈಕಲ್ ಮೇಲಿರುವವರ ಮಾತು ಹೇಳಬೇಕಾ? ಹಾಗಾಗಿ ನನ್ನ ಉದ್ದದ ಸೈಕಲ್ ಸವಾರಿ ವಾರದ ನಡುವೆ, ಬೆಳಕು ಪೂರ್ತಿ ಬಂದು ಬಸ್ ಓಡಾಟ ಶುರುವಾದ ಮೇಲೆ. ಹೆಚ್ಚಾಗಿ ಮಾದಾಪುರ, ಸೋಮವಾರಪೇಟೆಯ ಕಡೆ. ಒಮ್ಮೊಮ್ಮೆ ಹಟ್ಟಿಹೊಳೆ, ಮಕ್ಕಂದೂರು ದಾರಿಯಾಗಿ ಮಡಿಕೇರಿಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಎಲ್ಲ ಹೋದದ್ದು ಆ ದಾರಿಯಲ್ಲೇ. ಈಗಲೂ ಅಲ್ಲಿ ತುಳಿಯುವಾಗ ಬಲಕ್ಕೆ ಎಡಕ್ಕೆ ನೋಡುತ್ತೇನೆ. ನಮ್ಮ ನೆಂಟರ ಮನೆಯೂ ಆ ಕಡೆ ಇತ್ತು. ಜೋರು ಮಳೆ ಬಂದ ವಾರ ಆ ಕಡೆ ಹೋಗುವುದಿಲ್ಲ.

ನನ್ನ ಸೈಕಲ್ ಸಾಮಾನ್ಯ ಅಲ್ಯೂಮಿನಿಯಂ ರೋಡ್ ಬೈಕ್. ಮುಂದೆ 50 ಮತ್ತು 34 ಹಲ್ಲಿನ ಚಕ್ರ, ಹಿಂದೆ 11ರಿಂದ 32. ಕೊಡಗಿನಲ್ಲಿ ಇರುವವರು ಹಿಂದಿನ ದೊಡ್ಡ ಹಲ್ಲುಚಕ್ರ 32ಕ್ಕಿಂತ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಡಿ. ಡಿಸ್ಕ್ ಬ್ರೇಕ್ ಇರಲಿ. ರಿಮ್ ಬ್ರೇಕ್ ಮಳೆಯಲ್ಲಿ ನೆನೆದಾಗ ಹಿಡಿಯಲು ತಡ ಮಾಡುತ್ತದೆ, ನಮ್ಮ ತಿರುವುಗಳಲ್ಲಿ ಅಷ್ಟು ಹೊತ್ತು ಇರುವುದಿಲ್ಲ. ಟೈರ್ 28 ಮಿಲಿಮೀಟರ್. ರಸ್ತೆಯ ಅಂಚು ಒಡೆದಿರುವ ಕಡೆ ಅದು ತಡೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ಸೈಕಲ್ ಕಾಫಿ ಗೋಡೌನ್ ಸೇರುತ್ತದೆ. ಹಿಂದಿನ ಚಕ್ರವನ್ನು ಟ್ರೈನರ್ ಅನ್ನುವ ಸ್ಟ್ಯಾಂಡಿಗೆ ಸಿಕ್ಕಿಸಿ ಅಲ್ಲೇ ತುಳಿಯುವುದು. ಕರೆಂಟ್ ಬೇಕಾದ ಟ್ರೈನರ್ ನಮಗೆ ಆಗುವುದಿಲ್ಲ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ, ನಾಲ್ಕು ದಿನ ಕರೆಂಟೇ ಇರುವುದಿಲ್ಲ. ನನ್ನದು ಎಣ್ಣೆಯ ತಡೆಯ ಮೇಲೆ ಕೆಲಸ ಮಾಡುವಂಥದ್ದು, ಕರೆಂಟ್ ಬೇಡ. ಓಟಕ್ಕೆ ಮಾತ್ರ ಹೊರಗೆ ಹೋಗುತ್ತೇನೆ, ಟಾರ್ ರಸ್ತೆಯಲ್ಲೇ. ತೋಟದೊಳಗಿನ ದಾರಿಯಲ್ಲಿ ನಿಂತರೆ ಸಾಕು, ಜಿಗಣೆ ಹತ್ತುತ್ತದೆ. ಈ ಮೂರು ತಿಂಗಳಲ್ಲಿ ವೇಗದ ಮಾತೇ ಇಲ್ಲ. ಉದ್ದ ಓಟವೂ ಇಲ್ಲ. ಕಾಲು, ಸೊಂಟ, ಭುಜ ಗಟ್ಟಿ ಮಾಡಿಕೊಳ್ಳುವ ವ್ಯಾಯಾಮ ಜಾಸ್ತಿ. ಮಂಡಿ ನೋವು ವಾಪಸ್ ಬರದೇ ಇರುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಸೈಕಲ್‌ನಿಂದ ಇಳಿದು ಓಡುವುದು ಅಂದರೆ ಏನು ಅಂತ ಮಾಡಿ ನೋಡದವರಿಗೆ ಹೇಳುವುದು ಕಷ್ಟ. ಕಾಲು ನಮ್ಮದಲ್ಲ ಅನ್ನಿಸುತ್ತದೆ. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ, ಸೊಂಟ ಬಾಗಿಸಿ, ಸುತ್ತು ಸುತ್ತಾಗಿ ಕೆಲಸ ಮಾಡಿದ ಸ್ನಾಯುಗಳು ಈಗ ದೇಹದ ಭಾರ ಹೊತ್ತು ನೆಲ ಒದೆಯಬೇಕು. ಮೊದಲ ಒಂದು ಕಿಲೋಮೀಟರ್ ಹೆಜ್ಜೆ ಚಿಕ್ಕದಾಗಿ, ಮರದ ಕಾಲಿನ ಹಾಗೆ ಬೀಳುತ್ತದೆ. ಇದಕ್ಕೆ ಒಂದೇ ಮದ್ದು: ಸೈಕಲ್ ಮುಗಿದ ಕೂಡಲೇ ಓಡುವ ಅಭ್ಯಾಸ. ನಾನು ವಾರಕ್ಕೆ ಒಂದು ಸಲ ಸವಾರಿ ಮುಗಿಸಿ ಗೇಟಿನಲ್ಲಿ ಸೈಕಲ್ ಒರಗಿಸಿ ಹತ್ತು ಹದಿನೈದು ನಿಮಿಷ ಓಡುತ್ತೇನೆ. ಅಷ್ಟು ಸಾಕು. ದೂರ ಮುಖ್ಯವಲ್ಲ, ಬದಲಾಗುವುದನ್ನು ಕಾಲು ಕಲಿಯಬೇಕು. ಸ್ಪರ್ಧೆಯ ದಿನ ಸೈಕಲ್‌ನ ಕೊನೆಯ ಒಂದೆರಡು ಕಿಲೋಮೀಟರ್ ಗೇರ್ ಹಗುರ ಮಾಡಿ ಬೇಗ ಬೇಗ ತುಳಿಯುತ್ತೇನೆ. ಓಟದ ಹೆಜ್ಜೆ ಸಲೀಸಾಗಿ ಬರುತ್ತದೆ.

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಇದನ್ನು ನಾವು ಕಾಫಿ ಒಣಗಿಸುವ ಕಣದಲ್ಲಿ ಅಭ್ಯಾಸ ಮಾಡುತ್ತೇವೆ. ಕೊಯ್ಲು ಶುರುವಾಗುವ ತನಕ ಕಣ ಖಾಲಿ. ಸಿಮೆಂಟ್ ನೆಲ, ಬರಿಗಾಲಲ್ಲಿ ಓಡಬಹುದು. ಎರಡು ಕಂಬದ ನಡುವೆ ಬಿದಿರು ಕಟ್ಟಿ ಅದಕ್ಕೆ ಸೀಟು ಸಿಕ್ಕಿಸಿ ಸೈಕಲ್ ತೂಗುಹಾಕುತ್ತೇವೆ, ಸ್ಪರ್ಧೆಯಲ್ಲೂ ಹಾಗೇ ಇರುತ್ತದೆ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಅಲ್ಲಿಂದಾಚೆ ಮಾತ್ರ ಸೈಕಲ್ ಹತ್ತುವುದು. ಮಗಳು ಮೊಬೈಲ್‌ನಲ್ಲಿ ಸಮಯ ನೋಡುತ್ತಾಳೆ. ಕೆರೆಯಿಂದ ಓಡಿ ಬರುವ ನನಗೆ ಅವಳ ಕೂಗು ದೂರದಿಂದಲೇ ಕೇಳುತ್ತದೆ: "ಅಮ್ಮ, ಹೆಲ್ಮೆಟ್ ಮೊದಲು!" ಅದು ನಿಯಮ. ಹೆಲ್ಮೆಟ್ ಹಾಕಿ, ಗಲ್ಲದ ಕೆಳಗೆ ಬಕಲ್ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ವಾಪಸ್ ಬಂದಾಗ ಸೈಕಲ್ ತೂಗುಹಾಕಿದ ಮೇಲೆಯೇ ಬಕಲ್ ಬಿಚ್ಚಬೇಕು. ತಪ್ಪಿದರೆ ದಂಡದ ಸಮಯ, ಕೆಲವು ಕಡೆ ಹೊರಗೇ ಹಾಕುತ್ತಾರೆ. ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲೆ ಮಗುಚಿ, ಪಟ್ಟಿ ಎರಡೂ ಕಡೆ ಬಿಡಿಸಿ, ಕನ್ನಡಕ ಅದರೊಳಗೆ ಇಡುತ್ತೇನೆ. ಓಟದ ಶೂಗೆ ಕಟ್ಟುವ ಲೇಸ್ ಬದಲು ಎಲಾಸ್ಟಿಕ್. ಒಳಗೆ ಸ್ವಲ್ಪ ಪೌಡರ್, ಒದ್ದೆ ಕಾಲು ಜಾರಿ ಒಳಗೆ ಹೋಗಲು. ನಂಬರ್ ಇರುವ ಬೆಲ್ಟ್ ಸೈಕಲ್ ಮೇಲೆ ಹಿಂದಕ್ಕೆ, ಓಡುವಾಗ ಮುಂದಕ್ಕೆ. ಈ ಕಣದ ಅಭ್ಯಾಸದಿಂದ ನನ್ನ ಸಮಯದಲ್ಲಿ ಉಳಿದಷ್ಟು ನಿಮಿಷ ಓಟದ ವೇಗ ಹೆಚ್ಚಿಸಿ ಉಳಿಸಲು ಒಂದು ವರ್ಷ ಬೇಕಾಗುತ್ತಿತ್ತು.

ನನ್ನ ಮೊದಲ ಸ್ಪರ್ಧೆ ಮೈಸೂರಿನ ಕಡೆಯ ಒಂದು ಸಣ್ಣ ಕೂಟ. ಈಜು ಕೊಳದಲ್ಲಿತ್ತು. ಈಜಲು ಎಷ್ಟು ಹೊತ್ತು ಬೇಕು ಅಂತ ನೀವು ಹೇಳಿದ ಸಮಯ ನೋಡಿ ಗುಂಪು ಮಾಡಿ ಬಿಡುತ್ತಾರೆ. ಹೆಂಗಸರು ಬೆರಳೆಣಿಕೆಯಷ್ಟು. ಒಂದು ವಿಷಯ ತಿಳಿದಿರಲಿ: ಟ್ರಯಥ್ಲಾನ್‌ನಲ್ಲಿ ಯಾವ ಬಗೆಯಲ್ಲಿ ಬೇಕಾದರೂ ಈಜಬಹುದು. ಬೆನ್ನ ಮೇಲೆ ಮಲಗಿಯೂ ಈಜಬಹುದು. ಹಗ್ಗ ಹಿಡಿದು ನಿಂತು ಉಸಿರು ತೆಗೆದುಕೊಳ್ಳಲೂ ಅವಕಾಶ ಇದೆ, ಅದನ್ನು ಎಳೆದು ಮುಂದೆ ಹೋಗಬಾರದು ಅಷ್ಟೇ. ಇದು ಗೊತ್ತಿದ್ದದ್ದೇ ನನಗೆ ದೊಡ್ಡ ಧೈರ್ಯ. ಸೈಕಲ್‌ನಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಹವ್ಯಾಸಿಗಳ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 10 ಮೀಟರ್ ಅಂತರ ಬಿಡಬೇಕು. ಗಾಳಿಯನ್ನು ನೀವೇ ಸೀಳಬೇಕು ಅನ್ನುವುದು ಅದರ ಉದ್ದೇಶ. ಅಲ್ಲಿ ಬಯಲಿನವರು ನನ್ನನ್ನು ದಾಟಿ ಹೋಗುತ್ತಲೇ ಇದ್ದರು. ಹೋಗಲಿ ಅಂತ ಬಿಟ್ಟೆ. ನನ್ನ ಗೇರ್ ಬದಲಿಸಲಿಲ್ಲ. ಓಟದ ಮೂರನೇ ಕಿಲೋಮೀಟರ್‌ನಲ್ಲಿ ಒಂದು ಸಣ್ಣ ಏರು ಬಂತು. ಅಲ್ಲಿಯವರಿಗೆ ಅದು ದೊಡ್ಡದು, ನಮಗೆ ಮನೆಯ ಗೇಟಿನ ದಾರಿಯಷ್ಟೇ. ಸೈಕಲ್‌ನಲ್ಲಿ ನನ್ನನ್ನು ದಾಟಿದ ಹಲವರನ್ನು ಅಲ್ಲಿ ಹಿಂದೆ ಬಿಟ್ಟೆ. ಆ ಏರಿನಲ್ಲಿ ನನಗೆ ಆದ ಸಂತೋಷವನ್ನು ಯಾವ ಪದಕವೂ ಆಮೇಲೆ ಕೊಟ್ಟಿಲ್ಲ.

ಕರಾವಳಿಯ ಸ್ಪರ್ಧೆ ಬೇರೆಯೇ ಪರೀಕ್ಷೆ. ಅಲ್ಲಿ ಸಮುದ್ರ. ಅಲೆ ಬರುವ ಕಡೆಯಿಂದ ಉಸಿರೆಳೆದರೆ ಉಪ್ಪು ನೀರು ಬಾಯಿಗೆ. ಇನ್ನೊಂದು ಕಡೆಗೂ ಉಸಿರೆಳೆಯಲು ಬಂದರೆ ಬಚಾವ್. ಕೊಳದ ತಳದಲ್ಲಿರುವ ಕಪ್ಪು ಗೆರೆ ಅಲ್ಲಿಲ್ಲ. ಆರೆಂಟು ಕೈ ಹಾಕಿ ಒಮ್ಮೆ ಕಣ್ಣು ಮಾತ್ರ ಮೇಲೆತ್ತಿ ದಾರಿಯ ಗುರುತಿಗೆ ದೂರದಲ್ಲಿ ತೇಲಿಬಿಟ್ಟ ಬಣ್ಣದ ಬೋಯನ್ನು ನೋಡಬೇಕು. ನೋಡದೆ ಹೋದರೆ 750 ಮೀಟರ್ ಈಜು 900 ಆಗುತ್ತದೆ. ಇದನ್ನು ಕೆರೆಯ ಆಚೆ ದಡದ ಸಿಲ್ವರ್ ಮರಕ್ಕೆ ಹಳದಿ ಬಟ್ಟೆ ಕಟ್ಟಿ ಅಭ್ಯಾಸ ಮಾಡಿದ್ದೆ. ಈಜು ಅದರಿಂದ ಸುಧಾರಿಸಿತು. ನಿಜವಾದ ಕಷ್ಟ ಸೆಕೆ. ಬೆಳಗ್ಗೆ ಎಂಟಕ್ಕೇ ಬೆವರು ಇಳಿಯುತ್ತದೆ, ಇಳಿದದ್ದು ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟು ದಿನ ಮೊದಲೇ ಘಟ್ಟ ಇಳಿದು ಕೂರಲು ನಮಗೆಲ್ಲಿ ಆಗುತ್ತದೆ? ಹಾಗಾಗಿ ಕೊನೆಯ ಎರಡು ವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಮೇಲೊಂದು ಉದ್ದ ತೋಳಿನ ಜಾಕೆಟ್ ಹಾಕಿಕೊಂಡು ನಿಧಾನ ಓಡುತ್ತೇನೆ. ತಲೆ ಭಾರ ಅನ್ನಿಸಿದ ಕೂಡಲೇ ನಿಲ್ಲಿಸುತ್ತೇನೆ. ಜೊತೆಗೆ ಯಾರಾದರೂ ಇರುತ್ತಾರೆ. ಘಟ್ಟದ ಕೆಳಗೆ ಓಡುವಾಗ ನಮ್ಮೂರಿನ ವೇಗ ಇಟ್ಟುಕೊಳ್ಳುವುದಿಲ್ಲ. ಕಿಲೋಮೀಟರ್‌ಗೆ ಅರ್ಧ ನಿಮಿಷ ನಿಧಾನ ಅಂತ ಮೊದಲೇ ತೀರ್ಮಾನ.

ತಿನ್ನುವುದಕ್ಕೆ ನಾನು ಅಂಗಡಿಯ ಜೆಲ್ ಹೆಚ್ಚಾಗಿ ಬಳಸುವುದಿಲ್ಲ. ಒಂದೂವರೆ ಗಂಟೆ ದಾಟುವ ಸ್ಪರ್ಧೆಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅನ್ನುವುದು ಲೆಕ್ಕ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಇರುತ್ತದೆ. ಬೆಲ್ಲ ಹೆಚ್ಚುಕಡಿಮೆ ಪೂರ್ತಿ ಅದೇ. ಸೈಕಲ್‌ನ ಒಂದು ಬಾಟಲಿಯಲ್ಲಿ ಬೆಲ್ಲ, ಉಪ್ಪು, ನಿಂಬೆ. ಇನ್ನೊಂದರಲ್ಲಿ ಬರೀ ನೀರು. ಕರಾವಳಿಗಾದರೆ ಓಆರ್‌ಎಸ್. ಒಂದು ಪ್ಯಾಕೆಟ್‌ಗೆ ಒಂದು ಲೀಟರ್ ನೀರು, ಅದರಲ್ಲಿ ಕಂಜೂಸ್‌ತನ ಮಾಡಬಾರದು. ಹಿಂದಿನ ರಾತ್ರಿ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಅನ್ನ, ಖಾರ ಕಡಿಮೆ. ಪಂದಿ ಕರಿ ಸ್ಪರ್ಧೆ ಮುಗಿದ ಮೇಲೆ. ಬೆಳಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ. ಅದಿಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ.

ಕೊಯ್ಲಿನ ತಿಂಗಳುಗಳ ಬಗ್ಗೆ ಹೇಳುವುದು ಕಡಿಮೆ. ಬೆಳಗ್ಗೆಯಿಂದ ತೋಟದಲ್ಲಿ, ಸಂಜೆ ತೂಕ, ಕೂಲಿಯ ಲೆಕ್ಕ, ಕಣದಲ್ಲಿ ಕಾಫಿ ಮುಚ್ಚುವುದು. ವಾರಕ್ಕೆ ಎರಡು ಸಣ್ಣ ಓಟ ಆದರೆ ಸಾಕು. ಫಿಟ್‌ನೆಸ್ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಆಮೇಲೆ ಹೂವಿನ ಕಾಲ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಆ ವಾರ ಗಡಿಯಾರ ಮನೆಯಲ್ಲಿಟ್ಟು ಓಡುತ್ತೇನೆ. ಮಲ್ಲಿಗೆಯಂಥ ಪರಿಮಳ ಎರಡೂ ಕಡೆಯಿಂದ ಬರುತ್ತಿರುವಾಗ ವೇಗ ಅಳೆಯಲು ಮನಸ್ಸು ಬರುವುದಿಲ್ಲ.

ನನ್ನ ಮುಂದಿನ ಗುರಿ ಇನ್ನೂ ಉದ್ದದ ಸ್ಪರ್ಧೆ: 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಅಂಥದ್ದು ನವೆಂಬರ್ ಒಳಗೆ ಇದ್ದರೆ ಮಾತ್ರ ನನ್ನಿಂದ ಆಗುತ್ತದೆ. ಕೆರೆ ತಿಳಿಯಾದ ಮೇಲೆ ಎರಡು ತಿಂಗಳು ಕೂಡ ಸಿಗುವುದಿಲ್ಲ. ನಮ್ಮವರು ಲೆಕ್ಕ ಹಾಕಿ, "ಅಷ್ಟು ಈಜಿಗೆ ಮಳೆಗಾಲದಲ್ಲೇ ಮೈಸೂರಿಗೆ ಜಾಸ್ತಿ ಹೋಗ್ಬೇಕಾಗ್ತದೆ" ಅಂದರು. ಹೌದು, ಹೋಗಬೇಕು. ಆಗಸ್ಟ್‌ನಿಂದ ವಾರಕ್ಕೊಂದು ದಿನ ಅಂತ ಒಪ್ಪಿಕೊಂಡಿದ್ದೇವೆ.

ಈ ಸಲ ಕೆರೆಗೆ ಇನ್ನಿಬ್ಬರು ಬರುತ್ತಾರೆ. ಒಬ್ಬರು ಶಾಲೆಯ ಟೀಚರ್, ಇನ್ನೊಬ್ಬರು ನರ್ಸ್. ಇಬ್ಬರಿಗೂ ಸೈಕಲ್‌ನದ್ದೇ ಚಿಂತೆ, ದುಬಾರಿಯದ್ದು ಬೇಕೇನೋ ಅಂತ. ಬೇಡ. ಮೊದಲ ಸ್ಪ್ರಿಂಟ್‌ಗೆ ಮನೆಯಲ್ಲಿರುವ ಗೇರ್ ಸೈಕಲ್ ಸಾಕು. ಬ್ರೇಕ್ ಎರಡೂ ಹಿಡಿಯಬೇಕು, ಹ್ಯಾಂಡಲ್‌ನ ಎರಡೂ ತುದಿಗೆ ಮುಚ್ಚಳ ಇರಬೇಕು, ಹೆಲ್ಮೆಟ್ ಒಡೆದಿರಬಾರದು. ಸ್ಪರ್ಧೆಯ ಹಿಂದಿನ ದಿನ ಅವರು ಪರೀಕ್ಷಿಸಿ ನೋಡುವುದು ಇದನ್ನೇ. ಹೊಸದಾಗಿ ಕೊಳ್ಳಬೇಕಾದದ್ದು ಒಳ್ಳೆಯ ಈಜು ಕನ್ನಡಕ ಒಂದು, ಎಲಾಸ್ಟಿಕ್ ಲೇಸ್ ಒಂದು ಜೊತೆ, ಮತ್ತೆ ಸೊಂಟಕ್ಕೆ ಕಟ್ಟಿಕೊಂಡು ಹಿಂದೆ ತೇಲಿಬಿಡುವ ಕಿತ್ತಳೆ ಬಣ್ಣದ ಬಲೂನ್ ಚೀಲ. ಆ ಚೀಲ ಇಲ್ಲದೆ ಯಾರನ್ನೂ ನೀರಿಗೆ ಬಿಡುವುದಿಲ್ಲ ಅಂತ ಸುಬೇದಾರ್ ಮಾವ ಈಗಾಗಲೇ ಹೇಳಿಬಿಟ್ಟಿದ್ದಾರೆ.